ಆನೆ ಮೆಸೇಜ್ ಮತ್ತು ಗುಡ್ ಮಾರ್ನಿಂಗ್: ಮೊಬೈಲ್ ಉಜ್ಜುವ ಅಭ್ಯಾಸ ನಮ್ಮನ್ನು ಏನು ಮಾಡುತ್ತಿದೆ?

ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ತೋಟ ಇರುವವರ ಫೋನಿನಲ್ಲಿ ಆನೆ ಸುದ್ದಿ ಬರುವ ವಾಟ್ಸಾಪ್ ಗ್ರೂಪ್ ಒಂದಾದರೂ ಇರುತ್ತದೆ. ರಾತ್ರಿ ಆನೆ ಯಾವ ತೋಟದಲ್ಲಿ ನಿಂತಿತ್ತು, ಯಾವ ರಸ್ತೆ ದಾಟಿತು, ಬೆಳಿಗ್ಗೆ ಕೆಲಸದವರನ್ನು ಯಾವ ಕಡೆ ಕಳಿಸಬಾರದು ಎನ್ನುವುದೆಲ್ಲ ಅದರಲ್ಲಿ ಬರುತ್ತದೆ. ಇದು ಜೀವ ಉಳಿಸುವ ಮಾಹಿತಿ. ಆದರೆ ಅದೇ ಗ್ರೂಪಿನಲ್ಲಿ ಅದರ ಮೇಲೊಂದು ಗುಡ್ ಮಾರ್ನಿಂಗ್ ಹೂವು, ಕೆಳಗೆ ಕಾಳುಮೆಣಸಿನ ರೇಟು, ನಡುವೆ ಯಾರದೋ ಹುಟ್ಟುಹಬ್ಬ, ಎಲ್ಲಿಯದೋ ಬಸ್ ಅಪಘಾತದ ವಿಡಿಯೊ. ಎಲ್ಲವೂ ಒಂದೇ ಅಳತೆಯ ಚೌಕದಲ್ಲಿ ಕೂತಿರುತ್ತವೆ. ಹೆಬ್ಬೆರಳು ಎಲ್ಲದರ ಮೇಲೂ ಒಂದೇ ವೇಗದಲ್ಲಿ ಓಡುತ್ತದೆ.

ಸೋಷಿಯಲ್ ಮೀಡಿಯಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚಾಸ್ಪರ್ಧೆ ಶಾಲೆಗಳಲ್ಲಿ ಇನ್ನೂ ನಡೆಯುತ್ತಿದೆ. ಕೊಡಗಿನಲ್ಲಿ ಆ ಪ್ರಶ್ನೆಗೆ ದೊಡ್ಡ ಅರ್ಥವೇನೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ತೋಟವೇ ಇರುವ ಊರು ಇದು. ಮಳೆಗಾಲದಲ್ಲಿ ಮರ ಬಿದ್ದರೆ ರಸ್ತೆಯೂ ಹೋಯಿತು, ಕರೆಂಟೂ ಹೋಯಿತು. ಇಲ್ಲಿ ವಾಟ್ಸಾಪ್ ಬಿಟ್ಟುಬಿಡಿ ಅನ್ನುವುದು ಆಗದ ಮಾತು. ನಾವು ನೋಡಬೇಕಾದ್ದು ಆ ಹೆಬ್ಬೆರಳಿನ ವೇಗವನ್ನು. ಏನನ್ನೂ ಪೂರ್ತಿ ಓದದೆ, ಪೂರ್ತಿ ನೋಡದೆ, ಕೊನೆಗೆ ಪೂರ್ತಿ ಬೇಜಾರೂ ಪಡದೆ ಮುಂದಿನದಕ್ಕೆ ಜಾರುವುದನ್ನು. ದಿನಕ್ಕೆ ಎಷ್ಟು ಗಂಟೆ ನೋಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಗಂಟೆಗಿಂತ ಈ ಅರ್ಧಂಬರ್ಧವೇ ಜಾಸ್ತಿ ಕಾಡುತ್ತಿದೆ.

ಕೊನೆ ಪುಟ ಎಲ್ಲಿ ಹೋಯಿತು?

ಮಡಿಕೇರಿಯಿಂದ 1957ರಿಂದ ಬರುತ್ತಿರುವ 'ಶಕ್ತಿ' ಪತ್ರಿಕೆಯನ್ನು ಓದುವ ಮನೆಗಳು ಇಲ್ಲಿ ಇನ್ನೂ ಬೇಕಾದಷ್ಟಿವೆ. ಸಾವಿನ ಸುದ್ದಿ, ಸಭೆ, ಮಳೆ ಲೆಕ್ಕ ಎಲ್ಲ ನೋಡಿ ಕೊನೆ ಪುಟಕ್ಕೆ ಬಂದರೆ ಓದು ಮುಗಿಯಿತು. ಮಡಚಿ ಇಟ್ಟು ಎದ್ದು ಹೋಗುತ್ತಾರೆ. ರೇಡಿಯೊ ವಾರ್ತೆಯೂ ಹಾಗೆಯೇ, ಮುಗಿಯುತ್ತಿತ್ತು. ಇಂಟರ್‌ನೆಟ್ಟಿನ ಮೊದಲ ವರ್ಷಗಳಲ್ಲೂ ಪುಟದ ಕೆಳಗೆ 'ಮುಂದಿನ ಪುಟ' ಎಂಬ ಗುಂಡಿ ಇತ್ತು. ಅದನ್ನು ಒತ್ತುವ ಒಂದು ಕ್ಷಣದಲ್ಲಿ, ಸಾಕು ಎನ್ನಿಸಿದರೆ ಬಿಡಬಹುದಿತ್ತು.

2006ರಲ್ಲಿ ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ಆ ಗುಂಡಿ ಬೇಡದ ಹಾಗೆ ಮಾಡಿದರು. ಕೆಳಗೆ ಹೋದಷ್ಟೂ ಪುಟ ತಾನೇ ಬೆಳೆಯುತ್ತದೆ. ಓದುವವರಿಗೆ ಅನುಕೂಲ ಆಗಲಿ ಎಂದೇ ಮಾಡಿದ್ದು. ಆಮೇಲೆ ಅವರೇ ಇದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. 2009ರ ಫೆಬ್ರುವರಿಯಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸ್ ಬಂತು. ಒಂದು ಆ್ಯಪ್ ಹೋಯಿತು, ಅದರ ಚಾಳಿ ಎಲ್ಲ ಆ್ಯಪಿಗೂ ಅಂಟಿತು.

ಆ ಬದಲಾವಣೆ ಸಣ್ಣದಲ್ಲ. ಮೊದಲು ನಮಗೆ ಕಾಣುತ್ತಿದ್ದುದು ನಾವು ಆರಿಸಿಕೊಂಡ ಗೆಳೆಯರ ಫೋಟೊ, ಬರಹ. ಈಗ ಕಾಣುವುದು ಯಂತ್ರದ ಊಹೆ. ಯಾವ ವಿಡಿಯೊ ಮೇಲೆ ನಾವು ಎರಡು ಸೆಕೆಂಡ್ ಜಾಸ್ತಿ ನಿಂತೆವು ಎಂಬುದನ್ನು ಅದು ಲೆಕ್ಕ ಇಡುತ್ತದೆ, ಅಂಥದ್ದನ್ನೇ ಮತ್ತೆ ತಂದು ಹಾಕುತ್ತದೆ. ಎಲ್ಲವೂ ಚೆನ್ನಾಗಿದ್ದರೆ ನಾವು ಬೇಗ ತೃಪ್ತರಾಗಿ ಏಳುತ್ತಿದ್ದೆವೇನೋ. ಹತ್ತರಲ್ಲಿ ಒಂಬತ್ತು ಸಪ್ಪೆ, ಒಂದು ಮಜವಾಗಿರುತ್ತದೆ. ಆ ಒಂದು ಯಾವಾಗ ಬರುತ್ತದೆ ಎಂದು ಗೊತ್ತಿಲ್ಲ. ಹೊಳೆ ದಡದಲ್ಲಿ ಗಾಳ ಹಾಕಿ ಕೂತವರನ್ನು ನೋಡಿ. ಮೀನು ಪ್ರತಿ ಹತ್ತು ನಿಮಿಷಕ್ಕೆ ಸರಿಯಾಗಿ ಸಿಗುವಂತಿದ್ದರೆ ಎರಡು ಹಿಡಿದು ಮನೆಗೆ ಹೋಗುತ್ತಿದ್ದರು. ಸಿಗಬಹುದು, ಸಿಗದಿರಬಹುದು ಎಂಬುದೇ ಅವರನ್ನು ಕತ್ತಲಾಗುವವರೆಗೂ ಕೂರಿಸುತ್ತದೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ. ಲೆಕ್ಕ ತಪ್ಪದೆ ಕಾಳು ಸಿಗುವಾಗಿನದಕ್ಕಿಂತ, ಯಾವಾಗಲೋ ಒಮ್ಮೆ ಸಿಗುವಾಗ ಹಕ್ಕಿ ಗುಂಡಿಯನ್ನು ಬಿಡದೆ ಕುಟ್ಟುತ್ತಿತ್ತು.

ಗಮನ ಸತ್ತಿಲ್ಲ, ಅಭ್ಯಾಸ ಬದಲಾಗಿದೆ

ಮನುಷ್ಯನ ಗಮನ ಈಗ ಎಂಟೇ ಸೆಕೆಂಡ್, ಅದು ಗೋಲ್ಡ್ ಫಿಶ್‌ಗಿಂತ ಕಡಿಮೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಭಾಷಣಗಳಲ್ಲಿ ತುಂಬಾ ಓಡುವ ಮಾತು. 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದ ಒಂದು ವರದಿಯಿಂದ ಇದು ಊರೂರಿಗೆ ಹರಡಿತು. ಹಿಂದೆ ಹೋಗಿ ಹುಡುಕಿದವರಿಗೆ ಸರಿಯಾದ ಸಂಶೋಧನೆ ಸಿಗಲಿಲ್ಲ. ಮೀನಿನ ಗಮನವನ್ನು ಯಾರು ಅಳೆದರು ಎಂಬುದೂ ಗೊತ್ತಾಗಲಿಲ್ಲ. ಹಾಗಾಗಿ ಅದನ್ನು ಬಿಟ್ಟುಬಿಡೋಣ.

ಅಳೆದ ಲೆಕ್ಕ ಬೇರೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಎಂಬುವರು ಜನ ಒಂದು ಸ್ಕ್ರೀನಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಎರಡು ದಶಕ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು. 2012ರ ಹೊತ್ತಿಗೆ 75 ಸೆಕೆಂಡಿಗೆ ಇಳಿಯಿತು. ಇತ್ತೀಚಿನ ವರ್ಷಗಳಲ್ಲಿ 47 ಸೆಕೆಂಡಿನ ಆಸುಪಾಸಿನಲ್ಲಿದೆ. ಇದು ಮಿದುಳಿನ ಶಕ್ತಿಯ ಅಳತೆ ಅಲ್ಲ ಎಂಬುದನ್ನು ಗಮನಿಸಬೇಕು. ಎಷ್ಟು ಹೊತ್ತಿಗೊಮ್ಮೆ ಜಾಗ ಬದಲಿಸುತ್ತೇವೆ ಎಂಬುದರ ಅಳತೆ ಅಷ್ಟೇ. ಶಕ್ತಿ ಇನ್ನೂ ಇದೆ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಏಪ್ರಿಲ್–ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಕ್ಕೆ ಹೋಗಿ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ ಅದು. ಮೊಬೈಲ್ ಬಿಡದ ಹುಡುಗರೇ ಅಲ್ಲಿ ಉರಿ ಬಿಸಿಲಿನಲ್ಲಿ ಕೂತು ಪೂರ್ತಿ ಪಂದ್ಯ ನೋಡುತ್ತಾರೆ. ತಮ್ಮ ಮನೆಯ ತಂಡ ಆಡುವಾಗ ಅವರ ಕಣ್ಣು ಚೆಂಡಿನಿಂದ ಕದಲುವುದಿಲ್ಲ.

ಹಾಗಾದರೆ ನಷ್ಟ ಎಲ್ಲಿ? ಒಂದರಿಂದ ಇನ್ನೊಂದಕ್ಕೆ ಹಾರುವಾಗ ಹಿಂದಿನದರ ಚೂರೊಂದು ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ತೋರಿಸಿದರು. ಮೊದಲ ಕೆಲಸ ಮುಗಿಯದೆ ಎರಡನೆಯದಕ್ಕೆ ಹೋದವರು ಎರಡನೆಯದನ್ನು ಅಷ್ಟು ಚೆನ್ನಾಗಿ ಮಾಡಲಿಲ್ಲ. ಈಗ ಹತ್ತು ನಿಮಿಷದ ರೀಲ್ಸ್ ಲೆಕ್ಕ ಹಾಕಿ. ಒಂದು ಅಡುಗೆ, ಒಂದು ಜಗಳ, ಒಂದು ಸಾವು, ಒಂದು ಡ್ಯಾನ್ಸ್, ಮತ್ತೆ ಒಂದು ಜಾಹೀರಾತು. ಯಾವುದೂ ಮುಗಿದಿಲ್ಲ. ಎದ್ದು ಪುಸ್ತಕದ ಮುಂದೆ ಕೂತ ಹುಡುಗಿಯ ತಲೆಯಲ್ಲಿ ಅಷ್ಟೂ ಚೂರುಗಳು ಇರುತ್ತವೆ.

ಜರ್ಮನಿಯ ಮ್ಯೂನಿಕ್‌ನಲ್ಲಿ 2023ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗ ಇನ್ನೂ ಸ್ವಾರಸ್ಯವಾಗಿದೆ. 60 ಜನರಿಗೆ ಒಂದು ಕೆಲಸ ಕೊಟ್ಟರು. ಜೊತೆಗೆ, ಇಂಥದ್ದು ಕಂಡರೆ ಇಂಥ ಗುಂಡಿ ಒತ್ತಬೇಕು ಎಂದು ನೆನಪಿಟ್ಟುಕೊಳ್ಳಲು ಹೇಳಿದರು. ನಡುವೆ ಹತ್ತು ನಿಮಿಷ ಬಿಡುವು. ಬಿಡುವಿನಲ್ಲಿ ಕೆಲವರು ಸುಮ್ಮನೆ ಕೂತರು, ಕೆಲವರು ಟ್ವಿಟರ್ ನೋಡಿದರು, ಕೆಲವರು ಯೂಟ್ಯೂಬ್ ವಿಡಿಯೊ, ಉಳಿದವರು ಟಿಕ್‌ಟಾಕ್. ಮರಳಿ ಬಂದಾಗ ಟಿಕ್‌ಟಾಕ್ ನೋಡಿದವರು ಮಾತ್ರ ತಾವು ಮಾಡಬೇಕಾದ್ದನ್ನು ಎದ್ದು ಕಾಣುವಷ್ಟು ಮರೆತಿದ್ದರು. ಗ್ಯಾಸ್ ಬುಕ್ ಮಾಡೋಣ ಎಂದು ಫೋನ್ ತೆಗೆದು, ಅರ್ಧ ಗಂಟೆ ಬಿಟ್ಟು, ಯಾಕೆ ತೆಗೆದೆ ಎಂದೇ ಗೊತ್ತಾಗದೆ ಕೆಳಗಿಡುವುದು ನಮ್ಮೆಲ್ಲರ ಮನೆಯ ಕತೆ ಅಲ್ವಾ? 60 ಜನ ಎಂದರೆ ಕಡಿಮೆಯೇ. ಆದರೂ ಪ್ರಯೋಗ ಹೇಳುತ್ತಿರುವುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟಾಮ್ ಮತ್ತು ಮೈಕೆಲ್ ಇನ್ಜ್ಲಿಕ್ಟ್ 2024ರಲ್ಲಿ ಪ್ರಕಟಿಸಿದ ಅಧ್ಯಯನ. ನಾವು ವಿಡಿಯೊ ಬದಲಿಸುವುದು ಬೇಜಾರು ಕಳೆಯಲಿ ಎಂದು. ಅವರು ಜನರಿಗೆ ಒಮ್ಮೆ ಒಂದೇ ವಿಡಿಯೊ ಕೊಟ್ಟರು. ಇನ್ನೊಮ್ಮೆ ಇಷ್ಟ ಬಂದ ಹಾಗೆ ಬದಲಿಸಲು, ಓಡಿಸಲು ಬಿಟ್ಟರು. ಬದಲಿಸುವ ಸ್ವಾತಂತ್ರ್ಯ ಇದ್ದಾಗಲೇ ಜಾಸ್ತಿ ಬೇಜಾರಾಗಿತ್ತು. ನೋಡಿದ್ದರಲ್ಲಿ ತೃಪ್ತಿಯೂ ಕಡಿಮೆ, ಅರ್ಥವೂ ಕಡಿಮೆ. ಅಂದರೆ ಬೇಜಾರಿಗೆ ಮದ್ದು ಎಂದುಕೊಂಡು ತೆಗೆದುಕೊಳ್ಳುತ್ತಿರುವುದೇ ಬೇಜಾರನ್ನು ಬೆಳೆಸುತ್ತಿದೆ. ಜುಲೈನ ಕತ್ತಲೆಯ ಮಧ್ಯಾಹ್ನದಲ್ಲಿ ರಗ್ಗು ಹೊದ್ದು ಎರಡು ಗಂಟೆ ರೀಲ್ಸ್ ನೋಡಿದವರಿಗೆ ಕೊನೆಯಲ್ಲಿ ಬರುವ ಆ ಸಪ್ಪೆತನ ಇದರಿಂದಲೇ.

ಓದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2000ರಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ಬಂತು. 1.7 ಲಕ್ಷಕ್ಕೂ ಜಾಸ್ತಿ ಓದುಗರ ಲೆಕ್ಕ ಅದು. ಅದೇ ಪಾಠವನ್ನು ಕಾಗದದಲ್ಲಿ ಓದಿದವರಿಗೆ ಸ್ಕ್ರೀನಿನಲ್ಲಿ ಓದಿದವರಿಗಿಂತ ಸ್ವಲ್ಪ ಚೆನ್ನಾಗಿ ಅರ್ಥವಾಗಿತ್ತು. ಸಮಯದ ಒತ್ತಡ ಇದ್ದಾಗ ಅಂತರ ಇನ್ನೂ ಜಾಸ್ತಿ. ಕತೆ ಓದುವಾಗ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನೋಟ್ಸನ್ನು ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿ ಕೈತೊಳೆದುಕೊಳ್ಳುವ ಮೇಷ್ಟ್ರುಗಳು ಇದನ್ನೊಮ್ಮೆ ನೋಡಬೇಕು.

ಮನಸ್ಸಿನ ಲೆಕ್ಕ ಅಷ್ಟು ಸುಲಭ ಇಲ್ಲ

ಗಮನದ ವಿಷಯದಲ್ಲಿ ಮಾತಾಡುವಷ್ಟು ಧೈರ್ಯವಾಗಿ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಲು ಆಗುವುದಿಲ್ಲ. ಅಲ್ಲಿ ತಜ್ಞರಲ್ಲೇ ದೊಡ್ಡ ಜಗಳ ಇದೆ.

2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಫ್ರಾನ್ಸೆಸ್ ಹೌಗೆನ್ ಹೊರತಂದರು. ಇನ್‌ಸ್ಟಾಗ್ರಾಂ ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗ್ಗೆ ಇರುವ ಕೀಳರಿಮೆಯನ್ನು ಜಾಸ್ತಿ ಮಾಡುತ್ತದೆ ಎಂದು ಕಂಪನಿಯವರೇ ಬರೆದುಕೊಂಡಿದ್ದರು. 2023ರ ಮೇ ತಿಂಗಳಲ್ಲಿ, ಆಗ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರಿ ವೈದ್ಯಾಧಿಕಾರಿ) ಆಗಿದ್ದ ವಿವೇಕ್ ಮೂರ್ತಿ ಎಚ್ಚರಿಕೆ ಹೊರಡಿಸಿದರು. ಇವರ ಮೂಲ ನಮ್ಮ ಮಂಡ್ಯದ ಹಲ್ಲೇಗೆರೆ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಎರಡು ಪಟ್ಟು ಎಂಬುದು ಅದರಲ್ಲಿತ್ತು.

ಇನ್ನೊಂದು ಕಡೆ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಇದ್ದಾರೆ. ಇವರು 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ದತ್ತಾಂಶ ಇಟ್ಟುಕೊಂಡು ಲೆಕ್ಕ ಹಾಕಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4. ಅದೇ ದತ್ತಾಂಶದಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತು! ಕನ್ನಡಕ ಹಾಕುವುದಕ್ಕೆ ಇನ್ನೂ ಜಾಸ್ತಿ.

ಯಾರನ್ನು ನಂಬೋಣ? ಎರಡನ್ನೂ ನಂಬಬಹುದು ಎನ್ನುವುದು ನನ್ನ ಅಭಿಪ್ರಾಯ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ಪರಿಣಾಮ ಚಿಕ್ಕದಾಗಿಯೇ ಕಾಣುತ್ತದೆ. ಆದರೆ ಸರಾಸರಿ ಮಗು ಎಂಬುದು ಯಾರ ಮನೆಯಲ್ಲೂ ಇಲ್ಲ. ಮೊದಲೇ ಕುಗ್ಗಿರುವ ಹುಡುಗ, ನಿದ್ದೆ ಕೆಟ್ಟ ಹುಡುಗಿ, ಜೊತೆಗೆ ಯಾರೂ ಇಲ್ಲದ ಮುದುಕರು, ಇವರಿಗೆ ಬೀಳುವ ಪೆಟ್ಟು ಬೇರೆ. ಕುಗ್ಗಿರುವವರು ಫೋನನ್ನು ಜಾಸ್ತಿ ನೋಡುತ್ತಾರೋ, ಜಾಸ್ತಿ ನೋಡಿದ್ದಕ್ಕೆ ಕುಗ್ಗುತ್ತಾರೋ ಎಂಬುದೂ ಪೂರ್ತಿ ಬಗೆಹರಿದಿಲ್ಲ. ಬಹುಶಃ ಎರಡೂ ಒಂದನ್ನೊಂದು ಎಳೆಯುತ್ತವೆ.

ನಿಜವಾಗಿ ಬಿಟ್ಟು ನೋಡಿದ ಪ್ರಯೋಗಗಳು ಸ್ವಲ್ಪ ದಾರಿ ತೋರಿಸುತ್ತವೆ. 2018ರ ಅಮೆರಿಕದ ಚುನಾವಣೆಗೆ ಮುಂಚೆ ಅರ್ಥಶಾಸ್ತ್ರಜ್ಞರ ತಂಡವೊಂದು ಜನರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿತು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ನೆಮ್ಮದಿ ಸ್ವಲ್ಪ ಹೆಚ್ಚಿತು. ಸುದ್ದಿಯ ತಿಳಿವಳಿಕೆ ಮಾತ್ರ ಕಡಿಮೆಯಾಯಿತು. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಅಧ್ಯಯನ ಬಂತು. ಅವರಲ್ಲಿ ಒಂದು ಗುಂಪು ಮೂರು ವಾರ ಪ್ರತಿ ಆ್ಯಪನ್ನು ದಿನಕ್ಕೆ ಹತ್ತೇ ನಿಮಿಷ ನೋಡಿತು. ಅವರಲ್ಲಿ ಒಂಟಿತನ ಇಳಿದಿತ್ತು. ಮೊದಲೇ ಖಿನ್ನತೆ ಜಾಸ್ತಿ ಇದ್ದವರಿಗೆ ಲಾಭವೂ ಜಾಸ್ತಿ ಆಗಿತ್ತು.

ಆಗಸ್ಟ್ ಬಂದರೆ

ಅಮೆರಿಕದ ವಿದ್ಯಾರ್ಥಿಗಳ ಲೆಕ್ಕ ಸಾಕು. ಕೊಡಗಿಗೆ ತನ್ನದೇ ಆದ ಒಂದು ಗಾಯ ಇದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬಟ್ಟಗೇರಿ, ಜೋಡುಪಾಲದ ಬೆಟ್ಟಗಳು ಜಾರಿದವು. ಮಡಿಕೇರಿಯಲ್ಲಿ ಮನೆಯೊಂದು ಬುಡಸಮೇತ ಕಿತ್ತು ಉರುಳುವ ವಿಡಿಯೊವನ್ನು ಇಡೀ ದೇಶ ನೋಡಿತು. 2019ರಲ್ಲಿ ತೋರ ಗ್ರಾಮದ ಬೆಟ್ಟ, 2020ರಲ್ಲಿ ತಲಕಾವೇರಿಯ ಬೆಟ್ಟ. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಅದಾದ ಮೇಲೆ ಇಲ್ಲಿ ಮಳೆ ಎರಡು ದಿನ ಬಿಡದೆ ಸುರಿದರೆ ಸಾಕು, ಫೋನುಗಳು ತುಂಬುತ್ತವೆ. ಹಳೆಯ ವಿಡಿಯೊಗೆ ಹೊಸ ದಿನಾಂಕ. ಇನ್ನೆಲ್ಲಿಯದೋ ಬೆಟ್ಟಕ್ಕೆ ನಮ್ಮೂರಿನ ಹೆಸರು. ನಾಳೆ ಶಾಲೆಗೆ ರಜೆ ಎಂಬ ಹೋದ ವರ್ಷದ ಆದೇಶ. ಯಾರೋ ಜ್ಯೋತಿಷಿಯ ಭವಿಷ್ಯ. ಇದರ ನಡುವೆಯೇ ಜಿಲ್ಲಾಡಳಿತದ ನಿಜವಾದ ರೆಡ್ ಅಲರ್ಟ್.

ಇದು ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ಬಾಸ್ಟನ್‌ನಿಂದ ಒಂದು ಉತ್ತರ ಇದೆ. 2013ರ ಏಪ್ರಿಲಿನಲ್ಲಿ ಅಲ್ಲಿ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿಯಿತು. ಆಮೇಲೆ ಸಂಶೋಧಕರು ನಾಲ್ಕು ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ಸ್ಫೋಟದ ಸ್ಥಳದಲ್ಲಿದ್ದವರಿಗಿಂತ, ಮುಂದಿನ ಒಂದು ವಾರ ದಿನಕ್ಕೆ ಆರು ಗಂಟೆಗೂ ಮೇಲ್ಪಟ್ಟು ಅದರ ಸುದ್ದಿ, ವಿಡಿಯೊ ನೋಡಿದವರು ಜಾಸ್ತಿ ತೀವ್ರ ಒತ್ತಡದ ಲಕ್ಷಣ ಹೇಳಿಕೊಂಡರು. ಸ್ಥಳದಲ್ಲಿದ್ದವರಿಗೆ ಘಟನೆ ಒಮ್ಮೆ ನಡೆಯಿತು. ನೋಡುತ್ತ ಕೂತವರಿಗೆ ದಿನವಿಡೀ ನಡೆಯುತ್ತಲೇ ಇತ್ತು.

ಬೆಟ್ಟದ ಬುಡದಲ್ಲಿ ಮನೆ ಇರುವವರಿಗೆ ಹೆದರಿಕೆ ಬೇಕೇ ಬೇಕು. ಚರಂಡಿ ನೀರು ಕೆಸರಾಯಿತಾ, ಅಂಗಳದಲ್ಲಿ ಬಿರುಕು ಬಿಟ್ಟಿತಾ, ಮರ ವಾಲಿತಾ ಎಂದು ನೋಡಿ ಸಾಮಾನು ಕಟ್ಟಿಕೊಂಡು ಹೊರಡುವುದಕ್ಕೆ ಆ ಹೆದರಿಕೆ ಕೆಲಸಕ್ಕೆ ಬರುತ್ತದೆ. ಮಾಡಲು ಒಂದು ಕೆಲಸ ಇದ್ದರೆ ಹೆದರಿಕೆ ಖರ್ಚಾಗುತ್ತದೆ. ಹಾಸಿಗೆಯಲ್ಲಿ ಮಲಗಿ ರಾತ್ರಿ ಹನ್ನೊಂದಕ್ಕೆ ಎಲ್ಲೆಲ್ಲಿಯದೋ ಗುಡ್ಡ ಜಾರುವುದನ್ನು ಒಂದರ ಮೇಲೊಂದು ನೋಡಿದರೆ ಹೆದರಿಕೆ ಖರ್ಚಾಗುವುದು ಎಲ್ಲಿ? ಮೈಯೊಳಗೇ ಉಳಿಯುತ್ತದೆ. ಮಳೆ ಶಬ್ದಕ್ಕೆ ಎಚ್ಚರವಾಗುತ್ತದೆ. ಮತ್ತೆ ಫೋನ್ ತೆಗೆಯುತ್ತಾರೆ. 2018ರಲ್ಲಿ ಮನೆ ಕಳೆದುಕೊಂಡವರಿಗಂತೂ ಇದು ಗಾಯದ ಮೇಲಿನ ಹಕ್ಕಳೆಯನ್ನು ದಿನಾ ಕೀಳುವ ಕೆಲಸ. ಫಾರ್ವರ್ಡ್ ಮಾಡುವವರು 'ಎಚ್ಚರಿಕೆಗೆ ಕಳಿಸಿದೆ' ಎನ್ನುತ್ತಾರೆ. ಎಲ್ಲಿ, ಯಾವಾಗ ಎಂಬುದಿಲ್ಲದ ಎಚ್ಚರಿಕೆಯಿಂದ ಯಾರೂ ಉಳಿಯುವುದಿಲ್ಲ.

ಆನೆ ಗ್ರೂಪಿನ ಪಾಡೂ ಇದೇ. ಸುಳ್ಳು ಗಂಟೆ ಮತ್ತೆ ಮತ್ತೆ ಬಾರಿಸಿದರೆ ನಿಜದ ಗಂಟೆಗೆ ಕಿವಿ ಏಳುವುದಿಲ್ಲ. ಆಸ್ಪತ್ರೆಯ ಐಸಿಯುಗಳಲ್ಲಿ ಯಂತ್ರಗಳ ಬೀಪ್ ಕೇಳಿ ಕೇಳಿ ಸಿಬ್ಬಂದಿಯ ಕಿವಿ ಮಂದವಾಗುವುದನ್ನು ವೈದ್ಯಲೋಕ ಗಂಭೀರ ಅಪಾಯ ಎಂದೇ ಪರಿಗಣಿಸಿದೆ. ದಿನಕ್ಕೆ ನೂರಾರು ಮೆಸೇಜ್ ಬರುವ ಗ್ರೂಪಿನಲ್ಲಿ ಬೆಳಿಗ್ಗೆ ಆರಕ್ಕೆ ಬಂದ 'ಮೂರು ಆನೆ, ಕೆರೆ ಹತ್ತಿರ' ಎಂಬ ಸಾಲು ತಪ್ಪಿಹೋದರೆ ಓದುವವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ.

ರೀಲಿನಲ್ಲಿ ಜಿಗಣೆ ಇಲ್ಲ

ಕೊಡಗಿಗೆ ಇನ್ನೊಂದು ವಿಚಿತ್ರ ಪಾಡು. ನಾವು ಬೇರೆಯವರ ಬದುಕನ್ನು ರೀಲ್ಸ್‌ನಲ್ಲಿ ನೋಡಿ ಕೊರಗುತ್ತೇವೆ. ಅದೇ ಹೊತ್ತಿಗೆ ಬೇರೆಯವರು ನಮ್ಮೂರನ್ನು ರೀಲ್ಸ್‌ನಲ್ಲಿ ನೋಡಿ ಕೊರಗುತ್ತಾರೆ. ಮಾಂದಲಪಟ್ಟಿಯ ಮಂಜು, ರಾಜಾಸೀಟಿನ ಸೂರ್ಯಾಸ್ತ, ಮಾರ್ಚಿನಲ್ಲಿ ಬೆಳ್ಳಗೆ ಅರಳಿದ ಕಾಫಿ ಹೂವು. ಎಲ್ಲ ಹದಿನೈದು ಸೆಕೆಂಡು. ಅದರಲ್ಲಿ ಜಿಗಣೆ ಇಲ್ಲ, ಒಣಗದ ಬಟ್ಟೆ ಇಲ್ಲ, ಕೊಯ್ಲಿಗೆ ಜನ ಸಿಗದ ತಲೆನೋವು ಇಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಲ್ಲಿಯ ಹುಡುಗ ರಾತ್ರಿ ಇದನ್ನು ನೋಡಿ ಊರಿಗೆ ಬಂದುಬಿಡೋಣ ಅಂದುಕೊಳ್ಳುತ್ತಾನೆ. ಗೋಣಿಕೊಪ್ಪದ ಹುಡುಗಿ ಬೆಂಗಳೂರಿನ ಕೆಫೆ ನೋಡಿ ಇಲ್ಲಿಂದ ಯಾವಾಗ ಹೋಗುತ್ತೇನೋ ಎನ್ನುತ್ತಾಳೆ. ಇಬ್ಬರೂ ಹೋಲಿಸುತ್ತಿರುವುದು ತಮ್ಮ ಪೂರ್ತಿ ದಿನವನ್ನು ಇನ್ನೊಬ್ಬರ ಹದಿನೈದು ಸೆಕೆಂಡಿನ ಜೊತೆ.

ತಮಾಷೆ ಎಂದರೆ, ಇಲ್ಲಿಯ ಕೆಲವು ರೆಸಾರ್ಟುಗಳಲ್ಲಿ 'ನೆಟ್‌ವರ್ಕ್ ಇಲ್ಲ' ಎನ್ನುವುದೇ ಈಗ ಮಾರಾಟದ ಮಾಲು. ಪ್ರವಾಸಿಗರು ಅದಕ್ಕೆ ದುಡ್ಡು ಕೊಡುತ್ತಾರೆ. ಗೇಟಿನ ಹೊರಗೆ ಅದೇ ನೆಟ್‌ವರ್ಕ್ ಇಲ್ಲದ್ದಕ್ಕೆ ಊರಿನವರು ಟವರ್ ಕೊಡಿ ಎಂದು ಅರ್ಜಿ ಕೊಡುತ್ತಿರುತ್ತಾರೆ.

ಎಲ್ಲ ಬಳಕೆಯೂ ಒಂದೇ ಅಲ್ಲ ಎಂಬುದು ತೋಟದ ಲೈನ್ ಮನೆಗಳ ಹತ್ತಿರ ಸಂಜೆ ನಿಂತರೆ ಗೊತ್ತಾಗುತ್ತದೆ. ಅಸ್ಸಾಂನಿಂದ ಬಂದ ಕೆಲಸಗಾರ ಹೆಂಡತಿ ಮಕ್ಕಳ ಜೊತೆ ವಿಡಿಯೊ ಕಾಲಿನಲ್ಲಿ ಅರ್ಧ ಗಂಟೆ ಮಾತಾಡುತ್ತಾನೆ. ಅದೂ ಸ್ಕ್ರೀನ್ ಟೈಮ್ ಲೆಕ್ಕಕ್ಕೇ ಸೇರುತ್ತದೆ. ಆದರೆ ಆ ಮಾತಿಗೆ ಶುರು ಇದೆ, ಕೊನೆ ಇದೆ, ಎದುರಿಗೆ ತನ್ನವರಿದ್ದಾರೆ. ಅದನ್ನೂ ರೀಲ್ಸ್ ಉಜ್ಜುವುದನ್ನೂ ಒಂದೇ ತಕ್ಕಡಿಗೆ ಹಾಕುವ ಅಂಕಿಅಂಶಗಳ ಬಗ್ಗೆ ನನಗೆ ಅನುಮಾನ.

ಮಕ್ಕಳ ಕೈಗೆ ಫೋನ್ ಬಂದದ್ದು ಹೇಗೆ ಎಂಬುದನ್ನೂ ಮರೆಯಬಾರದು. ನಾವೇ ಕೊಟ್ಟಿದ್ದು. 2020ರಲ್ಲಿ ಶಾಲೆ ಮುಚ್ಚಿದಾಗ ಶನಿವಾರಸಂತೆ ಬಳಿಯ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲಿ ಎಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದರು. ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದರು. ಶಾಲೆ ತೆರೆಯಿತು, ಫೋನ್ ಮಕ್ಕಳ ಹತ್ತಿರವೇ ಉಳಿಯಿತು. ದೇಶದ ಹಳ್ಳಿಗಳಲ್ಲಿ ನಡೆದ 2024ರ ಅಸರ್ ಶಿಕ್ಷಣ ಸಮೀಕ್ಷೆ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಗೊತ್ತಿರುವ 14ರಿಂದ 16 ವರ್ಷದ ಮಕ್ಕಳಲ್ಲಿ ಸಮೀಕ್ಷೆಯ ಹಿಂದಿನ ವಾರ ಫೋನನ್ನು ಓದಿಗೆ ಬಳಸಿದವರು ಶೇ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76.

ಏನು ಮಾಡಬಹುದು, ಯಾರು ಮಾಡಬೇಕು

ವಾರಕ್ಕೊಂದು ಮೊಬೈಲ್ ಉಪವಾಸ ಎಂಬ ಸಲಹೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಭಾನುವಾರ ಬಿಟ್ಟು ಸೋಮವಾರ ಎರಡು ಪಟ್ಟು ನೋಡುವವರೇ ಜಾಸ್ತಿ. ಅದಕ್ಕಿಂತ ಬೇರೆ ಬೇರೆ ನೀರನ್ನು ಬೇರೆ ಬೇರೆ ಕಾಲುವೆಯಲ್ಲಿ ಹರಿಸುವುದು ಉಪಯೋಗಕ್ಕೆ ಬರುತ್ತದೆ. ಆನೆ, ಮಳೆ, ರಸ್ತೆ ಸುದ್ದಿಗೆ ಅಡ್ಮಿನ್ ಮಾತ್ರ ಬರೆಯಬಹುದಾದ ಒಂದು ಗ್ರೂಪ್ ಮಾಡಿ. ವಾಟ್ಸಾಪಿನಲ್ಲಿ ಆ ಸೆಟ್ಟಿಂಗ್ ಇದೆ. ಅದಕ್ಕೊಂದೇ ಶಬ್ದ ಇಟ್ಟು ಉಳಿದದ್ದನ್ನೆಲ್ಲ ಮ್ಯೂಟ್ ಮಾಡಿ. ಹುಟ್ಟುಹಬ್ಬಕ್ಕೆ ಬೇರೆ ಗ್ರೂಪ್ ಇರಲಿ, ಅಲ್ಲಿ ಬೇಕಾದಷ್ಟು ಹೂವು ಹಾಕಲಿ. ಮಳೆ ಜೋರಾದ ದಿನ ಸುದ್ದಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ತಪ್ಪಿಹೋಗುವಂಥದ್ದು ಏನೂ ಇರುವುದಿಲ್ಲ. ಜೀವಕ್ಕೆ ಸಂಬಂಧಿಸಿದ್ದು ಆ ಒಂದು ಗ್ರೂಪಿನಲ್ಲಿ ಬಂದೇ ಬರುತ್ತದೆ.

ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗಿಡಿ ಎಂಬುದು ಹಳೆಯ ಸಲಹೆ, ಆದರೂ ಗಟ್ಟಿ. ನಿದ್ದೆ ಕಳೆದರೆ ಗಮನವೂ ಹೋಯಿತು, ಮನಸ್ಸೂ ಕೆಟ್ಟಿತು. ಫೋನ್ ಮೇಜಿನ ಮೇಲೆ ಸುಮ್ನೆ ಇದ್ದರೂ ಯೋಚನೆ ಮಂದವಾಗುತ್ತದೆ ಎಂದು 2017ರ ಟೆಕ್ಸಸ್ ಅಧ್ಯಯನವೊಂದು ಹೇಳಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಕೆಲವು ಕಡೆ ಹಾಗೆ ಬಂತು, ಕೆಲವು ಕಡೆ ಬರಲಿಲ್ಲ. ಆದರೆ ಓದುವಾಗ ಫೋನ್ ಇನ್ನೊಂದು ಕೋಣೆಯಲ್ಲಿದ್ದರೆ ನಷ್ಟವಂತೂ ಇಲ್ಲ. ಮಕ್ಕಳಿಗೆ ಹೇಳುವ ಮೊದಲು ಅಪ್ಪ ಅಮ್ಮ ಇದನ್ನು ಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ಆದರೆ ಎಲ್ಲವನ್ನೂ ಮನೆಯವರ ಸಂಯಮದ ಮೇಲೆ ಹೊರಿಸುವುದು ಅನ್ಯಾಯ. ಒಂದು ಕಡೆ ಹದಿನಾಲ್ಕು ವರ್ಷದ ಹುಡುಗ. ಇನ್ನೊಂದು ಕಡೆ ಅವನನ್ನು ಕೂರಿಸಲೆಂದೇ ಕೆಲಸ ಮಾಡುವ ಸಾವಿರಾರು ಎಂಜಿನಿಯರುಗಳು. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಬೇಡ ಎಂದು 2024ರಲ್ಲಿ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಮನೆಗೆ ಒಂದೇ ಫೋನ್, ಅದೂ ಅಪ್ಪನ ಹೆಸರಿನಲ್ಲಿ ಇರುವ ಕಡೆ ಇವೆಲ್ಲ ಕಾಗದದ ಮೇಲೆ ಉಳಿಯುವ ಭಯ ಇದೆ. ಐರೋಪ್ಯ ಒಕ್ಕೂಟ 2022ರ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳಿಗೆ ಇನ್ನೊಂದು ಷರತ್ತು ಹಾಕಿತು. ಬಳಕೆದಾರರ ಜಾತಕ, ಅಂದರೆ ಅವರ ಇಷ್ಟಾನಿಷ್ಟದ ಲೆಕ್ಕ, ನೋಡದೆ ತೋರಿಸುವ ಫೀಡನ್ನೂ ಒಂದು ಆಯ್ಕೆಯಾಗಿ ಕೊಡಲೇಬೇಕು. ನನಗೆ ವಯಸ್ಸಿನ ನಿಷೇಧಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುವ ದಾರಿ ಎನಿಸುತ್ತದೆ. ಮಳೆ ವಿಡಿಯೊ ನೋಡಿ ನಿದ್ದೆಗೆಡುವವರಲ್ಲಿ ಅರವತ್ತು ದಾಟಿದವರೂ ಇದ್ದಾರಲ್ಲ.

ಕೆಲವರಿಗೆ ಇದು ಅಭ್ಯಾಸದ ಮಟ್ಟ ದಾಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಚಟ ಸೇರಿದೆ, ಸೋಷಿಯಲ್ ಮೀಡಿಯಾ ಚಟ ಸೇರಿಲ್ಲ. ಹಾಗೆಂದು ವೈದ್ಯರು ವಾಪಸ್ ಕಳಿಸುವುದಿಲ್ಲ. ನಿಮ್ಹಾನ್ಸ್ 2014ರಿಂದಲೇ ಬೆಂಗಳೂರಿನಲ್ಲಿ 'ಶಟ್' ಎಂಬ ಕ್ಲಿನಿಕ್ ನಡೆಸುತ್ತಿದೆ. ಫೋನ್ ತೆಗೆದುಕೊಂಡರೆ ಹೊಡೆಯಲು ಬರುವುದು, ಶಾಲೆ ಅಥವಾ ಕೆಲಸ ಬಿಡುವುದು, ನಿದ್ದೆ ಹಗಲು ರಾತ್ರಿ ಅದಲುಬದಲಾಗುವುದು, ಮೊದಲು ಇಷ್ಟಪಡುತ್ತಿದ್ದ ಆಟ, ಊಟ, ಜನ ಯಾವುದೂ ಬೇಡವಾಗುವುದು ಕಂಡರೆ ತಡ ಮಾಡಬಾರದು. ಎಷ್ಟೋ ಸಲ ಫೋನಿನ ಹಿಂದೆ ಖಿನ್ನತೆಯೋ ಆತಂಕವೋ ಅಡಗಿರುತ್ತದೆ. ಫೋನ್ ಕಿತ್ತುಕೊಂಡರೆ ಅದು ವಾಸಿಯಾಗುವುದಿಲ್ಲ. ಬೆಂಗಳೂರಿಗೆ ಹೋಗಲು ಆಗದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಅದು. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಇಂಟರ್‌ನೆಟ್ ಬೇಕಿಲ್ಲ. ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ.